ಹ್ವಾಚನ್ ಹೊಳೆಯ ಮೇಲೆ ಗಾಳ ಹಿಡಿದು ಕೂತದ್ದು

ಕುಂದಾಪುರದಲ್ಲಿ ಬೆಳೆದ ನನಗೆ ಚಳಿ ಅಂದರೆ ಧನುರ್ಮಾಸದ ಬೆಳಗ್ಗೆ ಬಚ್ಚಲ ಒಲೆಯ ಮುಂದೆ ಸ್ವಲ್ಪ ಹೊತ್ತು ಕೂರುವಷ್ಟು. ಸಂಶೋಧನೆಗೆಂದು ದಕ್ಷಿಣ ಕೊರಿಯಾದ ಚುನ್‌ಚನ್‌ಗೆ ಬಂದ ಮೊದಲ ವರ್ಷ ತಾಪಮಾನ ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿಯಿತು. ಆ ಚಳಿಗಾಲವಿಡೀ ಲ್ಯಾಬು ಬಿಟ್ಟರೆ ಮನೆ. ಮನೆಗೆ ಬಂದವಳು ಓಂದೋಲ್‌ನ, ಅಂದರೆ ಅಡಿಯಿಂದ ಬಿಸಿ ಮಾಡುವ ಕೊರಿಯನ್ ವ್ಯವಸ್ಥೆಯ, ಬೆಚ್ಚನೆಯ ನೆಲದ ಮೇಲೆ ಹೊದ್ದು ಮಲಗುತ್ತಿದ್ದೆ. ಮಾರ್ಚ್ ಬರುವಾಗ ಮನಸ್ಸು ಪೂರ್ತಿ ಕುಗ್ಗಿತ್ತು.

ಎರಡನೇ ವರ್ಷ ನನ್ನನ್ನು ಹೊರಗೆ ಎಳೆದದ್ದು ಮನೆಯೊಡತಿ ಅಜ್ಜಿ. ಅವರನ್ನು ಎಲ್ಲರ ಹಾಗೆ ನಾನೂ ಹಲ್ಮೊನಿ ಎಂದೇ ಕರೆಯುತ್ತೇನೆ. ಜನವರಿಯ ಒಂದು ಶನಿವಾರ ಅವರ ಜೊತೆ ಬಸ್ಸು ಹತ್ತಿ ಹ್ವಾಚನ್‌ಗೆ ಹೋದೆ. ಉತ್ತರ ಕೊರಿಯಾದ ಗಡಿಗೆ ಹತ್ತಿರದ, ಎಲ್ಲಿ ನೋಡಿದರೂ ಸೈನಿಕರು ಕಾಣುವ ಸಣ್ಣ ಊರು ಅದು. 2003ರಿಂದ ಅಲ್ಲಿ ಸಾನ್‌ಚನೋ ಎಂಬ ಹೊಳೆಮೀನಿನ ಹೆಸರಲ್ಲಿ ಮಂಜುಗಡ್ಡೆಯ ಹಬ್ಬ ನಡೆಯುತ್ತಿದೆ. ಊರ ನಡುವಿನ ಹೊಳೆ ಒಂದು ಗೇಣಿಗಿಂತ ದಪ್ಪ ಹೆಪ್ಪುಗಟ್ಟಿರುತ್ತದೆ. ಅದರ ಮೇಲೆ ಸಾವಿರಗಟ್ಟಲೆ ತೂತು ಮೊದಲೇ ಕೊರೆದಿರುತ್ತಾರೆ, ಒಂದೊಂದು ತೂತಿನ ಮುಂದೆ ಒಬ್ಬೊಬ್ಬರು ಕೂತಿರುತ್ತಾರೆ.

ಮೊದಲ ದಿನ ನನಗೆ ಒಂದು ಮೀನೂ ಸಿಗಲಿಲ್ಲ. ಹತ್ತಿಯ ಕಾಲುಚೀಲ, ಓಡುವ ಬೂಟು ಹಾಕಿಕೊಂಡು ಹೋಗಿದ್ದೆ. ಮಂಜುಗಡ್ಡೆಯ ಮೇಲೆ ನಿಂತ ನೀರು ಒಳಗೆ ಇಳಿದು, ಎರಡು ಗಂಟೆಯಲ್ಲಿ ಪಾದ ಇದೆಯೋ ಇಲ್ಲವೋ ತಿಳಿಯದ ಹಾಗಾಯಿತು. ಈಗ ಉಣ್ಣೆಯ ಕಾಲುಚೀಲ, ನೀರು ಹೋಗದ ದಪ್ಪ ಬೂಟು, ಅದರೊಳಗೆ ಅಂಟಿಸುವ ಬಿಸಿ ಪ್ಯಾಕು, ಮಡಚುವ ಸ್ಟೂಲು, ಇಷ್ಟು ಇಲ್ಲದೆ ಹೊರಡುವುದಿಲ್ಲ. ಬದಲಿ ಕಾಲುಚೀಲ ಒಂದು ಜೊತೆ ಚೀಲದಲ್ಲಿ ಇರಲೇಬೇಕು.

ಗಾಳ ಹಾಕುವುದನ್ನು ಪಕ್ಕದ ತೂತಿನ ಹಿರಿಯರೊಬ್ಬರು ತೋರಿಸಿಕೊಟ್ಟರು. ಮೊದಲು ತೂತಿನ ಬಾಯಿಗೆ ಕಟ್ಟಿದ ಮಂಜಿನ ಕೆನೆಯನ್ನು ಸಣ್ಣ ಜಾಲರಿ ಸೌಟಿನಿಂದ ತೆಗೆಯಬೇಕು. ಇಲ್ಲಿ ಎರೆಹುಳ ಬೇಡ, ಮರಿಮೀನಿನ ಹಾಗೆ ಹೊಳೆಯುವ ನಕಲಿ ಎರೆ ಸಾಕು. ಅದು ತಳಕ್ಕೆ ತಾಗಿ ದಾರ ಸಡಿಲವಾದ ಮೇಲೆ ಒಂದು ಗೇಣು ಮೇಲಕ್ಕೆ ಎತ್ತಬೇಕು. ಆಮೇಲೆ ಮಣಿಕಟ್ಟು ಮಾತ್ರ ಕೆಲಸ ಮಾಡಬೇಕು: ಚುರುಕಾಗಿ ಒಂದು ಎಳೆತ, ಹಾಗೇ ಬಿಡುವುದು, ನಾಲ್ಕೈದು ಎಣಿಸುವ ತನಕ ಸುಮ್ಮನಿರುವುದು. ನಾನು ಬಿಡದೆ ಅಲ್ಲಾಡಿಸುತ್ತಿದ್ದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿ, ಮಂಜುಗಡ್ಡೆಯ ಮೇಲೆ ಬೋರಲು ಮಲಗಿ ನೋಡು ಎಂದರು. ಜಾಕೆಟ್ಟನ್ನು ತಲೆಯ ಮೇಲೆ ಎಳೆದುಕೊಂಡು ತೂತಿನೊಳಗೆ ಕಣ್ಣಿಟ್ಟೆ. ಮೇಲಿನ ಬೆಳಕು ಮರೆಯಾದದ್ದೇ ತಡ, ಹಸಿರು ನೀರಿನ ತಳದ ಕಲ್ಲುಗಳೆಲ್ಲ ಕಂಡವು. ಪಕ್ಕೆಯ ಮೇಲೆ ಕಪ್ಪು ಮಚ್ಚೆ ಸಾಲಾಗಿರುವ ಮೀನೊಂದು ನನ್ನ ಎರೆಯ ಹತ್ತಿರ ಬಂದು ನಿಂತು, ಮೂಸಿದ ಹಾಗೆ ಮಾಡಿ ತಿರುಗಿ ಹೋಯಿತು. ಅವತ್ತು ಬರಿಗೈಯಲ್ಲಿ ಬಂದರೂ ಆ ನೋಟದಿಂದಾಗಿ ಮುಂದಿನ ವಾರ ಮತ್ತೆ ಹೋದೆ, ಎರಡು ಹಿಡಿದೆ. ಒಬ್ಬರಿಗೆ ಮೂರರ ಮಿತಿ ಇದೆ, ಅದು ನ್ಯಾಯವೇ.

ಹಿಡಿದದ್ದನ್ನು ಅಲ್ಲೇ ಸುಡಬಹುದು. ಶುಚಿ ಮಾಡಿ, ಉಪ್ಪು ಸವರಿ, ಫಾಯಿಲ್‌ನಲ್ಲಿ ಸುತ್ತಿ, ಬೆಂಕಿಯ ಗೂಡಿನ ಖಾನೆಗೆ ತಳ್ಳುತ್ತಾರೆ. ಬಿಚ್ಚಿದಾಗ ಏಳುವ ಹಬೆಗೆ ಮುಖವೊಡ್ಡಿ ನಿಂತದ್ದೇ ಒಂದು ಸುಖ. ಬಂಗುಡೆ ತಿಂದ ನಾಲಿಗೆಗೆ ರುಚಿ ಸಪ್ಪೆ ಅನ್ನಿಸಿದರೂ ಮಾಂಸ ಬಹಳ ಮೃದು. ಟಿಕೆಟ್ ದುಡ್ಡಿನಲ್ಲಿ ಒಂದು ಪಾಲನ್ನು ಆ ಊರಿನ ಅಂಗಡಿಗಳಲ್ಲಿ ನಡೆಯುವ ಕೂಪನ್ನಾಗಿ ವಾಪಸ್ ಕೊಡುತ್ತಾರೆ. ಹಲ್ಮೊನಿ ಅದರಲ್ಲಿ ಒಣ ಸೊಪ್ಪು ಕೊಂಡರು. ರಾತ್ರಿ ತನಕ ಇದ್ದು ಬೀದಿಯ ಮೇಲೆ ತೂಗುಹಾಕಿದ ಮೀನಿನಾಕಾರದ ದೀಪಗಳನ್ನು ನೋಡದೆ ಬರಬೇಡಿ. ಅವನ್ನು ಮಾಡುವವರು ಆ ಊರಿನ ಹಿರಿಯರೇ.

ಈ ಮೀನು ಆ ಹೊಳೆಯದ್ದಲ್ಲ, ಸಾಕಣೆಯಿಂದ ತಂದು ಬಿಡುವಂಥದ್ದು. ಚಡ್ಡಿ ತೊಟ್ಟು ಕೊರೆಯುವ ನೀರಿಗಿಳಿದು ಬರಿಗೈಯಲ್ಲಿ ಮೀನು ಹಿಡಿಯುವ ಆಟವೂ ಇದೆ. ಪ್ರಾಣಿಪರ ಸಂಘಟನೆಗಳು ಅದನ್ನು ವಿರೋಧಿಸುತ್ತವೆ, ನನಗೂ ಅದು ಒಪ್ಪಿಗೆಯಿಲ್ಲ. ಬೆನ್ನಟ್ಟಿ ಹಿಂಸಿಸಿದ ಮೀನನ್ನು ನಾನು ತಿನ್ನಲಾರೆ. 2020ರಲ್ಲಿ ಮಳೆ ಬಂದು, ಚಳಿ ಸಾಲದೆ, ಹಬ್ಬವನ್ನೇ ಜನವರಿ ಕೊನೆಗೆ ಮುಂದೂಡಬೇಕಾಯಿತು. ಹಾಗಾಗಿ ಹೊರಡುವ ಮೊದಲು ಹೊಳೆ ಗಟ್ಟಿಯಾಗಿದೆಯಾ ಎಂದು ವಿಚಾರಿಸುವುದು ಈಗ ರೂಢಿಯಾಗಿದೆ.

ಡಿಸೆಂಬರ್ 22ರ ಆಸುಪಾಸಿನ ದೋಂಗ್ಜಿ ಮಾತ್ರ ಪೂರ್ತಿ ಅಡುಗೆಮನೆಯ ಹಬ್ಬ. ವರ್ಷದ ಅತಿ ದೀರ್ಘ ರಾತ್ರಿ ಅದು. ಅವತ್ತು ಪಾತ್‌ಜುಕ್, ಅಂದರೆ ಕೆಂಪು ಕಾಳಿನ ಗಂಜಿ. ಕಾಳನ್ನು ಒಮ್ಮೆ ಕುದಿಸಿ ಆ ಒಗರು ನೀರು ಚೆಲ್ಲಬೇಕು. ಹೊಸ ನೀರಲ್ಲಿ ಬೆರಳಿಗೆ ಹಿಸುಕುವಷ್ಟು ಬೇಯಿಸಿ, ಜರಡಿಯಲ್ಲಿ ತಿಕ್ಕಿ ಸಿಪ್ಪೆ ತೆಗೆಯಬೇಕು. ಮೇಲಿನ ತಿಳಿಯಲ್ಲಿ ಅಕ್ಕಿ ಬೆಂದ ಮೇಲೆ ತಳದ ಗಟ್ಟಿ ರಸ, ಕೊನೆಗೆ ಅಂಟಕ್ಕಿ ಹಿಟ್ಟಿನ ಉಂಡೆಗಳು. ಉಂಡೆಗೆ ಹಿಟ್ಟು ಕಲಸುವಾಗ ನಾನು ತಣ್ಣೀರು ಹಾಕಹೊರಟೆ, ಹಲ್ಮೊನಿ ತಡೆದು ಕುದಿನೀರು ಸುರಿದರು. ಕಡುಬಿನ ಹಿಟ್ಟು ಕಲಸುವ ಅಮ್ಮನದ್ದೂ ಅದೇ ಕ್ರಮ. ಕೆಂಪು ಬಣ್ಣ ದುಷ್ಟಶಕ್ತಿಯನ್ನು ಓಡಿಸುತ್ತದೆಂಬ ನಂಬಿಕೆಯಿಂದ ಅವರು ಒಂದೊಂದು ಬಟ್ಟಲನ್ನು ಮೊದಲು ಬಾಗಿಲ ಬಳಿ, ಸೊಯಾ ಭರಣಿಗಳ ಬಳಿ ಇಟ್ಟು ಬಂದರು. ವಯಸ್ಸೆಷ್ಟೋ ಅಷ್ಟು ಉಂಡೆ ತಿನ್ನಬೇಕೆಂಬುದು ವಾಡಿಕೆ.

ಸೊಲ್ಲಾಲ್ ಎಂಬ ಚಾಂದ್ರಮಾನ ಹೊಸವರ್ಷದಂದು ಎಲ್ಲರೂ ತವರೂರಿಗೆ ಹೋಗಿಬಿಡುತ್ತಾರೆ. ಊರು ಬಿಕೋ ಎನ್ನುತ್ತದೆ. ಅದರ ಮುಂದಿನ ಹುಣ್ಣಿಮೆ ದೇಬೊರುಮ್ ನನಗೆ ಹೆಚ್ಚು ಹತ್ತಿರ. ಬೆಳಗ್ಗೆ ಎದ್ದು ಅಖ್ರೋಟು, ಕಡಲೆಕಾಯಿಯನ್ನು ಹಲ್ಲಲ್ಲಿ ಕಟಕ್ಕೆಂದು ಕಚ್ಚಬೇಕು, ವರ್ಷವಿಡೀ ಕುರು ಏಳುವುದಿಲ್ಲವಂತೆ. ರಾತ್ರಿ ಬಯಲಲ್ಲಿ ಹುಲ್ಲು, ಪೈನ್ ರೆಂಬೆಗಳ ರಾಶಿಗೆ ಬೆಂಕಿ ಹಚ್ಚಿ ಚಂದ್ರನನ್ನು ಎದುರುಗೊಳ್ಳುತ್ತಾರೆ. ಮೈಸೂರು ಕಡೆ ಸಂಕ್ರಾಂತಿಗೆ ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಆ ಬೆಂಕಿಯ ಸುತ್ತಲಿನ ಉತ್ಸಾಹ ಹೊಸದೆನಿಸದು.

ಆ ಬೆಳಗ್ಗೆ ಸೂರ್ಯ ಹುಟ್ಟುವ ಮೊದಲು ಹಲ್ಮೊನಿ ಮೆಟ್ಟಿಲ ಕೆಳಗಿನಿಂದ ನನ್ನ ಹೆಸರು ಕೂಗಿದರು. "ನೇ?" ಎಂದು ಓಗೊಟ್ಟೆ. ತಕ್ಷಣ "ನನ್ನ ಸೆಕೆ ಕೊಂಡ್ಕೋ!" ಎಂದು ಕೈಚಪ್ಪಾಳೆ ತಟ್ಟಿದರು. ಹೀಗೆ ಓಗೊಟ್ಟವರ ಪಾಲಿಗೆ ಕೂಗಿದವರ ಬೇಸಿಗೆಯ ಸೆಕೆಯೂ ಸೇರುತ್ತದಂತೆ. ಸಂಜೆ ಫೋನಿನಲ್ಲಿ ಅಮ್ಮನಿಗೆ ಹೇಳಿ, ಇದನ್ನು ನಿನಗೆ ಮಾರಲಾ ಎಂದೆ. "ಇಲ್ಲ್ ಬೇಕಾದಷ್ಟ್ ಸೆಕೆ ಇತ್ತ್. ನೀ ಚಳಿ ಇದ್ರೆ ಕಳ್ಸ್" ಅಂದರು.