ಝೋರೋಗೆ ಮೂರನೇ ಸೀಸನ್ ಹೆಣೆಯುವುದು: ನನ್ನ ಅನುಭವ

ಝೋರೋ ಅಂದರೆ ಸ್ಪೇನಿನ ಆಳ್ವಿಕೆಯ ಕ್ಯಾಲಿಫೋರ್ನಿಯಾದಲ್ಲಿ ಮುಖವಾಡ ತೊಟ್ಟು ಅನ್ಯಾಯದ ವಿರುದ್ಧ ಕತ್ತಿ ಹಿಡಿಯುವವನು. ಹಗಲಲ್ಲಿ ಅವನು ಡಿಯೇಗೊ ಡೆ ಲಾ ವೆಗಾ, ಶ್ರೀಮಂತರ ಮನೆಯ ಮಗ. ಡಿಸ್ನಿಯ ‘ಝೋರೋ’ ಧಾರಾವಾಹಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ 1957ರಿಂದ 1959ರವರೆಗೆ ಎರಡು ಸೀಸನ್ ಓಡಿತು. ಅರ್ಧ ಗಂಟೆಯ 78 ಕಂತುಗಳು. ಜನ ನೋಡಲಿಲ್ಲ ಅಂತ ನಿಂತದ್ದಲ್ಲ, ಡಿಸ್ನಿಗೂ ವಾಹಿನಿಗೂ ಬಿದ್ದ ಜಗಳದಲ್ಲಿ ನಿಂತದ್ದು. 1960-61ರಲ್ಲಿ ಒಂದೊಂದು ಗಂಟೆಯ ನಾಲ್ಕು ವಿಶೇಷ ಕಂತು ಬಂದವು, ಅಲ್ಲಿಗೆ ಮುಗಿಯಿತು. ಬಾರದೆ ಉಳಿದ ಆ ಮೂರನೇ ಸೀಸನ್‌ಗೆ ನಾನು ಕಥೆ ಹೆಣೆಯುವ ಕ್ರಮ ಇದು.

ಕಥೆ ಹುಡುಕುವ ಮೊದಲು ಜಾಗಗಳ ಪಟ್ಟಿ ಮಾಡುತ್ತೇನೆ. ಊರಿನ ಪ್ಲಾಜಾ, ಸೈನಿಕರ ಠಾಣ್ಯ, ಹೆಂಡದಂಗಡಿ, ಡೆ ಲಾ ವೆಗಾ ಮನೆ, ಅದರಡಿಯ ಗವಿ, ಬೆಟ್ಟದ ದಾರಿ. ಬಹುಪಾಲು ಕಂತುಗಳು ಇಷ್ಟರಲ್ಲೇ ನಡೆದುಹೋಗಿವೆ. ಮೂರು ಕಂತಿಗೆ ಒಂದು ಹೊಸ ಜಾಗ ಕೊಡಬಹುದು, ಅದಕ್ಕಿಂತ ಹೆಚ್ಚು ಕೊಟ್ಟರೆ ಆ ಧಾರಾವಾಹಿಯ ರುಚಿ ಕೆಡುತ್ತದೆ. ಕಂತಿಗೆ 25 ನಿಮಿಷ, ಪುಟಕ್ಕೊಂದು ನಿಮಿಷದ ಲೆಕ್ಕದಲ್ಲಿ 25 ಪುಟ. ತೊಂದರೆ ಮೂರನೇ ಪುಟದೊಳಗೆ ಗೊತ್ತಾಗಬೇಕು, ಮುಖವಾಡ ಹತ್ತನೇ ಪುಟಕ್ಕೆ ಮೊದಲು ಬರಬಾರದು, ಕತ್ತಿವರಸೆಗೆ ಎರಡೇ ಪುಟ. ನಮ್ಮ ಮೆಗಾ ಧಾರಾವಾಹಿ ನೋಡಿ ಬೆಳೆದವರಿಗೆ ಈ ಬಿಗಿ ಮೊದಮೊದಲು ಉಸಿರು ಕಟ್ಟಿಸುತ್ತದೆ.

ಎಳೆ ಹೊಳೆದ ಕೂಡಲೇ ಹಾಕುವ ಪ್ರಶ್ನೆ ಒಂದೇ: ಡಿಯೇಗೊ ಇದನ್ನು ಹಗಲು ಹೊತ್ತಿನಲ್ಲಿ, ತನ್ನ ಹೆಸರಿನಲ್ಲೇ ಸರಿಮಾಡಬಹುದೇ? ಅವನ ಹತ್ತಿರ ಹಣ ಇದೆ, ಓದಿದ್ದಾನೆ, ಅಪ್ಪ ಅಲೆಹಾಂದ್ರೊ ಮಾತಿಗೆ ತೂಕ ಇದೆ. ಆಗುತ್ತದೆ ಅನ್ನಿಸಿದರೆ ಎಳೆ ಬಿಸಾಡಿ. ಹೊಸಬರ ಕಥೆಗಳು ಬೀಳುವುದು ಇಲ್ಲೇ. ಅವರ ಖಳ ಕುದುರೆ ಕದಿಯುತ್ತಾನೆ, ಹುಡುಗಿಯನ್ನು ಹೊತ್ತೊಯ್ಯುತ್ತಾನೆ. ಅದಕ್ಕೆ ಠಾಣ್ಯದ ಸಾರ್ಜೆಂಟ್ ಗಾರ್ಸಿಯಾ ಸಾಕು. ಝೋರೋ ಬೇಕಾಗುವುದು ಕಾನೂನೇ ಖಳನ ಜೇಬಿನಲ್ಲಿದ್ದಾಗ. ಮೊದಲ ಹದಿಮೂರು ಕಂತು ಠಾಣ್ಯದ ಮುಖ್ಯಸ್ಥ ಕ್ಯಾಪ್ಟನ್ ಮೊನಸ್ಟೇರಿಯೊ ಒಬ್ಬನೇ ಕಥೆ ಎಳೆದದ್ದು ಅವನ ಕತ್ತಿಯಿಂದ ಮಾತ್ರ ಅಲ್ಲ. ಊರಿನ ಅಧಿಕಾರವೆಲ್ಲ ಅವನ ಕೈಯಲ್ಲಿತ್ತು. ಹಾಗಾಗಿ ನನ್ನ ಖಳ ಹಿಡಿದಿರುವುದು ಯಾವಾಗಲೂ ಒಂದು ಕಾಗದ: ರಸೀದಿ, ಹರಾಜು ಆದೇಶ, ಜಮೀನಿನ ಪತ್ರ.

ಅಂಥ ಕಾಗದಗಳಿಗಾಗಿ 1820ರ ಕ್ಯಾಲಿಫೋರ್ನಿಯಾದ ಇತಿಹಾಸ ಕೆದಕುತ್ತೇನೆ. ಲಾಸ್ ಏಂಜಲೀಸ್ ಪ್ಲಾಜಾದ ಇಗರ್ಜಿ ಕಟ್ಟಲು ಊರವರು 500 ದನ ಕೊಟ್ಟರು. ಗವರ್ನರ್ ಸೋಲಾ ದನಗಳನ್ನು ಸರ್ಕಾರಕ್ಕೆ ಎಳೆದುಕೊಂಡು, ಖರ್ಚು ಮುಂದೆ ಕೊಡುವುದಾಗಿ ಹೇಳಿದ. ಇಗರ್ಜಿ ಏಳಲಿಲ್ಲ. ಆಮೇಲೆ ಮಿಷನ್‌ಗಳು (ಕ್ರೈಸ್ತ ಪಾದ್ರಿಗಳು ನಡೆಸುತ್ತಿದ್ದ ನೆಲೆಗಳು) ಏಳು ಪೀಪಾಯಿ ಬ್ರಾಂಡಿ ಕೊಟ್ಟವು, ಅದನ್ನು ಮಾರಿ ಕಟ್ಟಡ ಎಬ್ಬಿಸಿ ಎಂದು. 1822ರಲ್ಲಿ ಇಗರ್ಜಿ ಮುಗಿಯಿತು. ಏಳು ಪೀಪಾಯಿ ಬ್ರಾಂಡಿ, ಪಕ್ಕದಲ್ಲೇ ಸದಾ ದಾಹದ ಗಾರ್ಸಿಯಾ! ಇದಕ್ಕಿಂತ ಒಳ್ಳೆ ಎಳೆ ಕೇಳಬಾರದು.

ಮೂರು ಕಂತಾಗಿ ಹೀಗೆ ಬಿಡಿಸಿದೆ. ಒಂದನೇ ಕಂತು: ಸಾನ್ ಗೇಬ್ರಿಯಲ್ ಮಿಷನ್ನಿನಿಂದ ಎತ್ತಿನ ಗಾಡಿಗಳಲ್ಲಿ ಪೀಪಾಯಿಗಳು ಬರುತ್ತವೆ. ರಾಜಧಾನಿ ಮಾಂಟೆರೇಯಿಂದ ಬಂದ ಲೆಕ್ಕಿಗನೊಬ್ಬ ಗವರ್ನರ್ ಮುದ್ರೆ ತೋರಿಸಿ ಅವನ್ನು ವಶಕ್ಕೆ ತೆಗೆದುಕೊಳ್ಳುತ್ತಾನೆ. ಡಿಯೇಗೊ ಏಳನ್ನೂ ತಾನೇ ಕೊಳ್ಳುತ್ತೇನೆ ಅನ್ನುತ್ತಾನೆ (ಹಗಲಿನ ಪ್ರಯತ್ನ ಬರಲೇಬೇಕು, ಸೋಲಲೇಬೇಕು). ಹರಾಜಿಲ್ಲದೆ ಕೊಡಲಾಗದು ಅಂತ ಲೆಕ್ಕಿಗ. ಸಂಜೆ ಒಂದು ಪೀಪಾಯಿ ತೆರೆದು ರುಚಿಗೆ ಗಾರ್ಸಿಯಾಗೆ ಕೊಡುತ್ತಾರೆ. ಅವನು ಕುಡಿದು, ಲೋಟದೊಳಗೆ ನೋಡಿ, ಇನ್ನೊಮ್ಮೆ ಕುಡಿಯುತ್ತಾನೆ. “ಇದು ನೀರು,” ಅನ್ನುತ್ತಾನೆ, ಸತ್ತವರ ಸುದ್ದಿ ಹೇಳುವ ದನಿಯಲ್ಲಿ. ಬ್ರಾಂಡಿ ಕದ್ದು ನೀರು ಇಟ್ಟವನು ಲೆಕ್ಕಿಗನೇ, ಆದರೆ ಮಿಷನ್ನಿನವರೇ ನೀರು ಕಳಿಸಿದರೆಂದು ಅವನು ಉಗ್ರಾಣದ ಆಳನ್ನು ಹಿಡಿಸುತ್ತಾನೆ. ಆ ಆಳು ಅಲ್ಲಿನ ಮೂಲನಿವಾಸಿ. ಮಿಷನ್ನಿನ ದ್ರಾಕ್ಷಿತೋಟದಿಂದ ಹಿಡಿದು ಗೋಡೆಯವರೆಗೆ ದುಡಿದವರು ಅವರೇ. ಐವತ್ತರ ದಶಕದ ಧಾರಾವಾಹಿ ಅವರನ್ನು ಅಂಚಿನಲ್ಲೇ ಇಟ್ಟಿತು. ಈಗ ಬರೆಯುವವರು ಹಾಗೆ ಮಾಡಬೇಕಿಲ್ಲ: ಆತನಿಗೆ ಮಾತು ಕೊಡಿ, ಪುರಾವೆಯ ಮೊದಲ ತುಂಡು ಅವನ ಬಾಯಲ್ಲೇ ಬರಲಿ. ಎರಡು ಸಲ ಭಟ್ಟಿ ಇಳಿಸಿದ ಸರಕು ಅದು ಅಂತ ಅವನು ಸೆರೆಯೊಳಗಿನಿಂದಲೇ ಹೇಳುತ್ತಾನೆ. ಈ ಸಾಲು ಮುಂದೆ ಬೇಕಾಗುತ್ತದೆ.

ಎರಡನೇ ಕಂತು ಪೂರ್ತಿ ಗಾಡಿಯ ವೇಗದ ಮೇಲೆ ನಿಂತಿದೆ. ವಿದೇಶಿ ಹಡಗಿನ ಜೊತೆ ವ್ಯಾಪಾರ ಸ್ಪೇನಿನ ಕಾನೂನಿಗೆ ವಿರುದ್ಧ, ಆದ್ದರಿಂದ ಕದ್ದ ಬ್ರಾಂಡಿ ಹೋಗಬೇಕಾದ್ದು ಸಾನ್ ಪೆಡ್ರೊ ಕಡಲಿಗೆ, ಕದ್ದು. ಊರಿಂದ ಅಲ್ಲಿಗೆ ಸುಮಾರು 35 ಕಿಲೋಮೀಟರ್. ಹೇರು ತುಂಬಿದ ಎತ್ತಿನ ಗಾಡಿ ಗಂಟೆಗೆ ನಾಲ್ಕು ಕಿಲೋಮೀಟರ್ ನಡೆದರೆ ಒಂಬತ್ತು ಗಂಟೆ. ಝೋರೋನ ಕುದುರೆ ಟೊರ್ನಾಡೊಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಹರಾಜು ಬೆಳಗ್ಗೆ ಹತ್ತಕ್ಕೆ ಅಂದರೆ ಪೀಪಾಯಿ ಹೊತ್ತ ಗಾಡಿ ರಾತ್ರಿ ಒಂದಕ್ಕೆ ಮೊದಲು ಕಡಲತೀರ ಬಿಡಬೇಕು, ಕತ್ತಿವರಸೆ ಹನ್ನೆರಡರ ಒಳಗೆ ಮುಗಿಯಬೇಕು. ಈ ಲೆಕ್ಕ ಹಾಕದೆ ಬರೆದರೆ ಝೋರೋ ಒಂದೇ ರಾತ್ರಿ ಮೂರು ಕಡೆ ಪ್ರತ್ಯಕ್ಷನಾಗುತ್ತಾನೆ, ಓದುಗ ನಂಬುವುದಿಲ್ಲ. ಸಾನ್ ಪೆಡ್ರೊ ಹೆಸರು ತಿಳಿಯುವುದು ಡಿಯೇಗೊನ ಸೇವಕ ಬರ್ನಾರ್ಡೊನಿಂದ. ಅವನು ಮೂಕ, ಕಿವುಡನೆಂಬುದು ನಟನೆ. ಎಲ್ಲರೂ ಅವನೆದುರು ಬಾಯಿಬಿಡುತ್ತಾರೆ. ಕಂತಿಗೆ ಒಂದೇ ಸುಳಿವು ಅವನಿಂದ, ಅದೂ ಅರ್ಧ. ಪೂರ್ತಿ ಸಿಕ್ಕರೆ ಡಿಯೇಗೊಗೆ ತಲೆ ಓಡಿಸುವ ಕೆಲಸವೇ ಉಳಿಯುವುದಿಲ್ಲ.

ಪಿಸ್ತೂಲಿನ ವಿಷಯ. ಆ ಕಾಲದ್ದು ಕಲ್ಲು ಕಿಡಿಯ ಪಿಸ್ತೂಲು: ಒಂದೇ ಗುಂಡು, ಮತ್ತೆ ತುಂಬುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ, ಮದ್ದು ಒದ್ದೆಯಾದರೆ ಅದೂ ಇಲ್ಲ. ಕತ್ತಿಗೆ ಬೆಲೆ ಬಂದದ್ದೇ ಇದರಿಂದ. ಆರು ಗುಂಡಿನ ರಿವಾಲ್ವರ್ ಕೊಟ್ಟರೆ ಝೋರೋ ಮೊದಲ ಕಂತಿನಲ್ಲೇ ಸಾಯಬೇಕು, ಕಾಲವೂ ತಪ್ಪು. ಬೆಂಕಿಕಡ್ಡಿ, ಮುಳ್ಳುತಂತಿ, ಚಿನ್ನದ ಗಣಿಗೆ ನುಗ್ಗುವ ಜನ, ಇವೂ ಆಮೇಲಿನವು. ಮೊದಲ ಗುಂಡು ಯಾವಾಗ ಹಾರುತ್ತದೆ, ಯಾರ ಕಡೆಯಿಂದ ಎಂದು ಮೊದಲೇ ಬರೆದಿಟ್ಟುಕೊಂಡು ವರಸೆ ಹೆಣೆಯುತ್ತೇನೆ. ಕಾದಾಟ ಯಾವುದೋ ವಸ್ತುವಿಗಾಗಿ ನಡೆಯಬೇಕು. ಇಲ್ಲಿ ಅದು ಗಾಡಿಯ ಹಗ್ಗ. ಒಬ್ಬ ಕಟ್ಟಲು ನೋಡುತ್ತಾನೆ, ಒಬ್ಬ ಕಡಿಯಲು.

ಮೂರನೇ ಕಂತಿನಲ್ಲಿ ಪುರಾವೆ. ಪೀಪಾಯಿ ಸಿಕ್ಕಿತು ಸರಿ, ಅದರೊಳಗೆ ಬ್ರಾಂಡಿ ಇದೆ ಎಂದು ಊರೆದುರು ತೋರಿಸುವುದು ಹೇಗೆ? ತೂಕ ಹಾಕಿಸೋಣವೆಂದರೆ 200 ಲೀಟರಿನ ಪೀಪಾಯಿಯಲ್ಲಿ ನೀರಿಗೂ ಬ್ರಾಂಡಿಗೂ ವ್ಯತ್ಯಾಸ ಹದಿನಾರು ಕಿಲೋ ಆಸುಪಾಸು. ಪರದೆಯ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಗಾರ್ಸಿಯಾ ನಾಲಿಗೆಯ ಸಾಕ್ಷಿಯನ್ನು ಲೆಕ್ಕಿಗ ನಗೆಯಲ್ಲೇ ತೇಲಿಸುತ್ತಾನೆ. ಹಳೆಯ ಸೈನಿಕರ ಪರೀಕ್ಷೆ ಕೈಹಿಡಿಯಿತು: ಚಿಟಿಕೆ ಮದ್ದಿನ ಪುಡಿಯ ಮೇಲೆ ಸಾರಾಯಿ ಸುರಿದು ಪಂಜಿನ ಉರಿ ತಾಗಿಸುವುದು. ಗಟ್ಟಿ ಸಾರಾಯಿಯಾದರೆ ಮದ್ದು ಹೊತ್ತಿಕೊಳ್ಳುತ್ತದೆ, ನೀರು ಹೆಚ್ಚಿದ್ದರೆ ಇಲ್ಲ. ಇದಕ್ಕೆ ಆಲ್ಕೋಹಾಲ್ ಶೇಕಡಾ 57ರ ಹತ್ತಿರ ಇರಬೇಕು. ಒಂದೇ ಭಟ್ಟಿಯ ಸರಕಿಗೆ ಆ ಗಟ್ಟಿ ಬರುವುದು ಕಷ್ಟ, ಆಳಿನ ಬಾಯಲ್ಲಿ ಎರಡು ಭಟ್ಟಿಯ ಮಾತು ಹಾಕಿದ್ದು ಅದಕ್ಕೇ. ಪರೀಕ್ಷೆ ಮಾಡುವವನು ಗಾರ್ಸಿಯಾ, ಝೋರೋ ಅಲ್ಲ. ಪ್ಲಾಜಾದಲ್ಲಿ, ತನ್ನದೇ ಮದ್ದಿನ ಚೀಲ ಬಿಚ್ಚಿ. ಅವನನ್ನು ಬರೀ ಕೋಡಂಗಿ ಮಾಡುವವರಿಗೆ ಆ ಪಾತ್ರ ಅರ್ಥವಾಗಿಲ್ಲ. ಅವನು ಸೋಮಾರಿ, ಸಾಲಗಾರ, ಆದರೆ ಪ್ರಾಮಾಣಿಕ.

ಆ ಸಾಲಕ್ಕೂ ಇತಿಹಾಸದಲ್ಲಿ ಕಾರಣ ಇದೆ, ಉದ್ದದ ಎಳೆ ಹುಟ್ಟಿದ್ದು ಅಲ್ಲಿಂದ. 1810ರಲ್ಲಿ ಮೆಕ್ಸಿಕೋದಲ್ಲಿ ದಂಗೆ ಎದ್ದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಸರಕಿನ ಹಡಗು ನಿಂತವು, ಸೈನಿಕರ ಸಂಬಳವೂ ನಿಂತಿತು. ಮಿಷನ್‌ಗಳೇ ಅವರಿಗೆ ಊಟ ಬಟ್ಟೆ ಕೊಟ್ಟವು. 1821ರಲ್ಲಿ ಮೆಕ್ಸಿಕೋ ಸ್ವತಂತ್ರವಾಯಿತು, ಮಾಂಟೆರೇಯಲ್ಲಿ ಹೊಸ ಸರ್ಕಾರಕ್ಕೆ ಪ್ರಮಾಣ ಮಾಡಿದ್ದು 1822ರ ಏಪ್ರಿಲ್‌ನಲ್ಲಿ. ಹದಿಮೂರು ಕಂತಿನ ಕೊನೆಯ ಸುತ್ತನ್ನು ಆ ತಿಂಗಳುಗಳಿಗೆ ಇಟ್ಟಿದ್ದೇನೆ. ಸ್ಪೇನಿನ ರಾಜ ಹೋದ ಮೇಲೆ, ರಾಜದ್ರೋಹಿ ಎಂದು ಝೋರೋ ತಲೆಗೆ ಕಟ್ಟಿದ ಬೆಲೆ ನಿಲ್ಲುತ್ತದೆಯೇ? ಹಿಡಿದರೆ ಆ ಬಹುಮಾನ ಕೊಡುವವರು ಯಾರು? ಗಾರ್ಸಿಯಾ ಮನಸ್ಸಿನಲ್ಲೇ ಖರ್ಚು ಮಾಡಿಟ್ಟ ಹಣ ಅದು. ಈ ಪ್ರಶ್ನೆಯನ್ನು ಅವನು ಅಲ್ಕಾಲ್ಡೆಯ (ಊರಿನ ಆಡಳಿತಾಧಿಕಾರಿ) ಮುಂದೆ ಟೋಪಿ ತೆಗೆದು ಕೇಳುವುದು ನಾಲ್ಕನೇ ಕಂತಿನ ಹನ್ನೆರಡನೇ ಪುಟದಲ್ಲಿ, ಉತ್ತರ ಬರುವುದು ಹನ್ನೊಂದನೇ ಕಂತಿನಲ್ಲಿ.