ಸಿಡ್ನಿಯಲ್ಲಿ ಹಳೆ ಮನೆ ಕೊಂಡಿರಾ? ಗೋಡೆ ಒಡೆಯುವ ಮುಂಚೆ ಇದನ್ನು ಓದಿ

ಊರಲ್ಲಿ ಆಸ್ಬೆಸ್ಟಾಸ್ ಶೀಟಿನ ಕೆಳಗೇ ಬೆಳೆದವರು ನಮ್ಮಲ್ಲಿ ಎಷ್ಟೋ ಜನ. ಹಾಗಾಗಿ ಇಲ್ಲಿಯವರು ಆ ಹೆಸರು ಕೇಳಿದರೇ ಹೌಹಾರುವುದು ನಮಗೆ ಸ್ವಲ್ಪ ಜಾಸ್ತಿಯೇ ಅನಿಸುತ್ತದೆ. ಜಾಸ್ತಿ ಏನಲ್ಲ. ಆಸ್ಟ್ರೇಲಿಯಾದಲ್ಲಿ 2003ರ ಡಿಸೆಂಬರ್ 31ರಿಂದ ಇದಕ್ಕೆ ಪೂರ್ತಿ ನಿಷೇಧವಿದೆ. ಆದರೆ ಅದಕ್ಕೂ ಮುಂಚೆ ಹಾಕಿದ್ದು ಹಾಗೇ ಉಳಿದಿದೆ. ನಿಮ್ಮ ಮನೆ 1990ಕ್ಕಿಂತ ಹಳೆಯದಾದರೆ, ಇದ್ದೇ ಇದೆ ಅಂದುಕೊಂಡು ಕೆಲಸ ಶುರುಮಾಡಿ.

ಬರೀ ಚಾವಣಿ ನೋಡಿದರೆ ಸಾಲದು. ಬಾತ್‌ರೂಮ್ ಟೈಲ್ಸಿನ ಹಿಂದಿನ ಶೀಟು, ಲಾಂಡ್ರಿ ಗೋಡೆ, ಸೂರಿನ ಕೆಳಭಾಗ, ಹಳೆ ವಿನೈಲ್ ನೆಲದ ಅಡಿ, ಮೀಟರ್ ಬೋರ್ಡಿನ ಕಪ್ಪು ಹಲಗೆ, ಹಿತ್ತಲಿನ ಬೇಲಿ, ಎಲ್ಲಿ ಬೇಕಾದರೂ ಇರಬಹುದು. ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ. ಮನೆ ಕೊಳ್ಳುವಾಗ ಮಾಡಿಸಿದ ಬಿಲ್ಡಿಂಗ್ ರಿಪೋರ್ಟನ್ನು ನಂಬಿ ಕೂರಬೇಡಿ, ಅದರಲ್ಲಿ ಸಾಮಾನ್ಯವಾಗಿ ಇರುವುದು ಕಣ್ಣಿಗೆ ಕಂಡಷ್ಟೇ. ತಿಳಿದವರಿಂದ ಸ್ಯಾಂಪಲ್ ತೆಗೆಸಿ, ನಾಟಾ (NATA, ಇಲ್ಲಿ ಲ್ಯಾಬುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ.

ಇದೆ ಅಂತ ಗೊತ್ತಾದ ಕೂಡಲೇ ಗಾಬರಿ ಬೇಡ. ಬಿರುಕು ಬಿಡದ ಗಟ್ಟಿ ಶೀಟು ಸುಮ್ನೆ ಇದ್ದಲ್ಲೇ ಇದ್ದರೆ ಅಪಾಯ ತುಂಬಾ ಕಡಿಮೆ. ಕೆಟ್ಟದ್ದು ಅದರ ಧೂಳು. ಡ್ರಿಲ್ ಹಾಕಿದರೆ, ಗ್ರೈಂಡರಿನಲ್ಲಿ ಕೊಯ್ದರೆ, ಉಜ್ಜಿದರೆ ಕಣ್ಣಿಗೆ ಕಾಣದ ಎಳೆಗಳು ಎದ್ದು ಶ್ವಾಸಕೋಶ ಸೇರುತ್ತವೆ. ಅದರಿಂದ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಹತ್ತಾರು ವರ್ಷ ಕಳೆದು ಕಾಣಿಸಿಕೊಳ್ಳುತ್ತದೆ. ಪ್ರೆಷರ್ ವಾಷರಿನಲ್ಲಿ ಶೀಟು ತೊಳೆಯುವುದಂತೂ ಕಾನೂನಿಗೇ ವಿರುದ್ಧ.

ನ್ಯೂ ಸೌತ್ ವೇಲ್ಸ್‌ನಲ್ಲಿ ಗಟ್ಟಿ ಶೀಟಾದರೆ 10 ಚದರ ಮೀಟರಿನವರೆಗೆ ಲೈಸೆನ್ಸ್ ಇಲ್ಲದೆ ತೆಗೆಯಬಹುದು. ಅಂದರೆ ಒಂದು ಚಿಕ್ಕ ಬಾತ್‌ರೂಮಿನಷ್ಟು. ಪುಡಿಪುಡಿಯಾಗುವ ಬಗೆಯದಾದರೆ ಒಂದು ಚೂರೂ ಮುಟ್ಟುವಂತಿಲ್ಲ. ನನ್ನ ಕೇಳಿದರೆ, 10 ಚದರ ಮೀಟರಿನೊಳಗಿದ್ದರೂ ಲೈಸೆನ್ಸ್ ಇರುವವರನ್ನೇ ಕರೆಸಿ. ಶನಿವಾರ ಸ್ನೇಹಿತರನ್ನೆಲ್ಲ ಸೇರಿಸಿ, ಬಿರಿಯಾನಿ ಆಸೆ ತೋರಿಸಿ ಒಡೆಸುವ ನಮ್ಮ ಪದ್ಧತಿ ಇದೆಯಲ್ಲ, ಅದನ್ನು ಬೇಲಿಗೆ ಬಣ್ಣ ಬಳಿಯಲು ಇಟ್ಟುಕೊಳ್ಳಿ. ಅದೂ ಬೇಲಿ ಮರದ್ದಾದರೆ!

ಕೊಟೇಶನ್ ತೆಗೆದುಕೊಳ್ಳುವಾಗ ಲೈಸೆನ್ಸ್ ನಂಬರ್ ಕೇಳಿ, ರಾಜ್ಯ ಸರ್ಕಾರದ ಕೆಲಸದ ಸುರಕ್ಷತೆ ಸಂಸ್ಥೆ ಸೇಫ್‌ವರ್ಕ್‌ನಲ್ಲಿ ಸರಿಯಿದೆಯಾ ನೋಡಿ. ತೀರಾ ಕಡಿಮೆ ರೇಟು ಹೇಳಿದರೆ ಕಸ ಎಲ್ಲಿ ಹಾಕುತ್ತಾರೆ ಅಂತ ಕೇಳಿ. ಇದು ಮನೆಯ ಬಿನ್ನಿಗೆ ಹಾಕುವ ಕಸವಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಇದನ್ನು ತೆಗೆದುಕೊಳ್ಳುವ ಟಿಪ್ಪಿಗೇ (ಕಸ ಸುರಿಯುವ ಜಾಗಕ್ಕೇ) ಹೋಗಬೇಕು. ಅಲ್ಲಿಯ ರಸೀದಿಯನ್ನೂ, ಕೆಲಸ ಮುಗಿದ ಮೇಲೆ ಬೇರೆಯವರು ಬಂದು ನೋಡಿ ಕೊಡುವ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಎತ್ತಿಡಿ.

ಬಾಡಿಗೆ ಮನೆಯಲ್ಲಿದ್ದೀರಾ? ದೇವರ ಫೋಟೋಗೆ ಮೊಳೆ ಹೊಡೆಯುವ ಮುಂಚೆಯೂ ಏಜೆಂಟರನ್ನು ಒಂದು ಮಾತು ಕೇಳಿ, ಉತ್ತರವನ್ನು ಇಮೇಲಿನಲ್ಲೇ ತರಿಸಿಕೊಳ್ಳಿ.