ಮೊದಲ ಸೆಮಿಸ್ಟರಿನ ಪ್ರೋಗ್ರಾಮಿಂಗ್ ತರಗತಿಗೆ ನಿಯಮಪತ್ರ ಬರೆಯುವ ಕ್ರಮ

ಬಿಸಿಎ ಅಥವಾ ಬಿ.ಎಸ್ಸಿ. ಮೊದಲ ಸೆಮಿಸ್ಟರಿಗೆ ಸಿ ಭಾಷೆಯನ್ನು ಕಲಿಸಲು ಹೊಸದಾಗಿ ಬಂದ ಉಪನ್ಯಾಸಕರಿಗೆ ಪಠ್ಯಕ್ರಮ ವಿಶ್ವವಿದ್ಯಾಲಯದಿಂದ ಸಿಗುತ್ತದೆ, ವೇಳಾಪಟ್ಟಿ ವಿಭಾಗದಿಂದ ಸಿಗುತ್ತದೆ. ತರಗತಿಯ ನಿಯಮಗಳನ್ನು ಮಾತ್ರ ಯಾರೂ ಕೊಡುವುದಿಲ್ಲ. ಲ್ಯಾಬಿನ ಗೋಡೆಯಲ್ಲಿ ಹಿಂದೆಂದೋ ಬರೆಸಿದ ಫಲಕವೊಂದು ಇದ್ದೇ ಇರುತ್ತದೆ: ಪಾದರಕ್ಷೆ ಹೊರಗೆ ಬಿಡಿ, ಮೊಬೈಲ್ ತರಬೇಡಿ, ಮೌನವಾಗಿರಿ. ಮೊದಲೆರಡು ಇರಲಿ, ಮೂರನೆಯದು ಪ್ರೋಗ್ರಾಮಿಂಗ್ ಲ್ಯಾಬಿಗೆ ಹಾನಿಯನ್ನೇ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ತನ್ನ ಪ್ರೋಗ್ರಾಮ್ ಏಕೆ ಓಡುತ್ತಿಲ್ಲ ಎಂಬುದನ್ನು ಪಕ್ಕದವರಿಗೆ ಬಾಯಿಬಿಟ್ಟು ವಿವರಿಸುವಾಗಲೇ ಎಷ್ಟೋ ವಿದ್ಯಾರ್ಥಿಗಳಿಗೆ ತಪ್ಪು ಕಾಣಿಸುತ್ತದೆ.

ನಿಯಮಗಳನ್ನು ಬರೆಯಲು ಕೂರುವ ಮೊದಲು ತರಗತಿಯಲ್ಲಿ ಯಾರಿದ್ದಾರೆ ಎಂಬುದನ್ನು ನೋಡಿಕೊಳ್ಳಬೇಕು. ಪಿಯುಸಿಯಲ್ಲಿ ಪಿಸಿಎಂಸಿ (ಕಂಪ್ಯೂಟರ್ ಸೈನ್ಸ್ ಸೇರಿದ ವಿಜ್ಞಾನ ವಿಭಾಗ) ಓದಿ ಬಂದವರು, ವಾಣಿಜ್ಯ ವಿಭಾಗದಿಂದ ಬಂದವರು, ಕನ್ನಡ ಮಾಧ್ಯಮದಲ್ಲಿ ಓದಿ ಕೀಲಿಮಣೆಯ ಮೇಲೆ ಸೆಮಿಕೋಲನ್ ಎಲ್ಲಿದೆ ಎಂದು ಹುಡುಕುವವರು, ಎಲ್ಲರೂ ಒಂದೇ ಬೆಂಚಿನಲ್ಲಿರುತ್ತಾರೆ. ಮೊದಲನೆಯ ಗುಂಪಿಗೆ ಯಾವ ನಿಯಮವಿದ್ದರೂ ನಡೆಯುತ್ತದೆ. ಕೊನೆಯ ಗುಂಪಿನವರು ಕೇಳಲು ಹೆದರಿ, ಮೊದಲ ತಿಂಗಳಲ್ಲೇ ನಕಲಿಗೆ ಇಳಿಯುತ್ತಾರೆ. ಆದ್ದರಿಂದ ಪ್ರತಿಯೊಂದು ನಿಯಮವನ್ನೂ ಅವರನ್ನು ಎದುರಿಗಿಟ್ಟುಕೊಂಡು ಬರೆಯಬೇಕು. ಇಡೀ ಪತ್ರ ಒಂದು ಪುಟ ಮೀರದಿರಲಿ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರಲಿ. ಪ್ರತಿ ನಿಯಮದ ಜೊತೆಗೆ ಅದರ ಕಾರಣ ಒಂದು ವಾಕ್ಯದಲ್ಲಿರಲಿ.

ವಿಶ್ವವಿದ್ಯಾಲಯದ ನಿಯಮವನ್ನೂ ನಿಮ್ಮ ನಿಯಮವನ್ನೂ ಬೆರೆಸಬೇಡಿ. ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇಕಡಾ 75, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇಕಡಾ 85 ಹಾಜರಾತಿ ಬೇಕೆಂಬುದು ನೀವು ಮಾಡಿದ ನಿಯಮವಲ್ಲ. ಅದನ್ನು ಸಡಿಲಿಸುವ ಅಧಿಕಾರವೂ ನಿಮಗಿಲ್ಲ. ಅದನ್ನು ಪತ್ರದ ತಲೆಯಲ್ಲಿ ಪ್ರತ್ಯೇಕವಾಗಿ ನಮೂದಿಸಿ. ನೀವು ನಿರ್ಧರಿಸಬಹುದಾದದ್ದು ಬೇರೆ: ಬಸ್ ತಡವಾಗಿ ಹತ್ತು ನಿಮಿಷದ ನಂತರ ಬಂದವರು ಒಳಗೆ ಬರಬಹುದೇ, ಬಿಟ್ಟುಹೋದ ಲ್ಯಾಬನ್ನು ಯಾವ ದಿನ ಯಾವ ಬ್ಯಾಚಿನೊಂದಿಗೆ ಮಾಡಿ ಮುಗಿಸಬೇಕು. ತಡವಾಗಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುವುದಕ್ಕಿಂತ, ಸದ್ದಿಲ್ಲದೆ ಬಂದು ಕುಳಿತು, ಬಿಟ್ಟುಹೋದ ವಿವರಣೆಯನ್ನು ಜೊತೆಗಾರರಿಂದ ಕೇಳಿ ಅಬ್ಸರ್ವೇಶನ್ ಪುಸ್ತಕದಲ್ಲಿ (ಲ್ಯಾಬಿನಲ್ಲೇ ಬರೆಯುವ ಕರಡು ಪುಸ್ತಕ) ಬರೆದುಕೊಳ್ಳಬೇಕೆಂದು ನಿಯಮ ಮಾಡುವುದು ಮೇಲು. ಹಳ್ಳಿಯಿಂದ ಒಂದೇ ಬಸ್ಸನ್ನು ನಂಬಿ ಬರುವವರಿಗೆ ಬಾಗಿಲು ಮುಚ್ಚುವುದರಿಂದ ಸಮಯಪ್ರಜ್ಞೆಯೇನೂ ಬೆಳೆಯುವುದಿಲ್ಲ.

ಯಂತ್ರಗಳು ಕಡಿಮೆಯಿದ್ದು ಇಬ್ಬರು ಒಂದು ಕಂಪ್ಯೂಟರಿನ ಮುಂದೆ ಕೂರಬೇಕಾದಲ್ಲಿ ಕೀಲಿಮಣೆ ಯಾರ ಕೈಯಲ್ಲಿರಬೇಕು ಎಂಬುದನ್ನು ಬರೆದೇ ತೀರಬೇಕು. ಬರೆಯದಿದ್ದರೆ ಗೊತ್ತಿರುವವರು ಸೆಮಿಸ್ಟರ್ ಪೂರ್ತಿ ಟೈಪ್ ಮಾಡುತ್ತಾರೆ, ಗೊತ್ತಿಲ್ಲದವರು ಸೆಮಿಸ್ಟರ್ ಪೂರ್ತಿ ನೋಡುತ್ತಾರೆ, ಪ್ರಾಯೋಗಿಕ ಪರೀಕ್ಷೆಯ ದಿನ ಮಾತ್ರ ಒಬ್ಬೊಬ್ಬರೇ ಕುಳಿತುಕೊಳ್ಳಬೇಕಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಜಾಗ ಬದಲಾಯಿಸಬೇಕು, ಟೈಪ್ ಮಾಡದವರು ತರ್ಕವನ್ನು ಹೇಳಬೇಕು, ಟೈಪ್ ಮಾಡುವವರು ಹೇಳಿದ್ದನ್ನಷ್ಟೇ ಬರೆಯಬೇಕು ಎಂದು ನಿಯಮಿಸಿ. ಸಮಯವಾದಾಗ ಗಟ್ಟಿಯಾಗಿ ಕೂಗಿ ಹೇಳುವ ಕೆಲಸ ನಿಮ್ಮದು.

ಬರೆದ ಪ್ರೋಗ್ರಾಮನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಕಂಪೈಲರ್ ಯಾವುದು ಎಂಬುದೂ ನಿಯಮಪತ್ರದಲ್ಲಿರಬೇಕಾದ ಸಂಗತಿ. ನಮ್ಮ ಅನೇಕ ಲ್ಯಾಬುಗಳಲ್ಲಿ ಟರ್ಬೊ ಸಿ ಎಂಬ ಹಳೆಯ ಕಂಪೈಲರಿನ ನೀಲಿ ಪರದೆ ಇನ್ನೂ ಉಳಿದಿದೆ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರು ಜಿಸಿಸಿ ಎಂಬ ಇಂದಿನ ಕಂಪೈಲರನ್ನು ಬಳಸುತ್ತಾರೆ. 8ರ ಫ್ಯಾಕ್ಟೋರಿಯಲ್ (1ರಿಂದ 8ರವರೆಗಿನ ಸಂಖ್ಯೆಗಳ ಗುಣಲಬ್ಧ) 40320. ಟರ್ಬೊ ಸಿಯಲ್ಲಿ ಪೂರ್ಣಾಂಕವನ್ನು ಇಡುವ ಇಂಟ್ 16 ಬಿಟ್‌ನದಾದ್ದರಿಂದ 32767ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ; ಪರದೆಯ ಮೇಲೆ -25216 ಎಂದು ಬರುತ್ತದೆ. ಅದೇ ಪ್ರೋಗ್ರಾಮ್, ಇಂಟ್ 32 ಬಿಟ್‌ನದಾಗಿರುವ ಜಿಸಿಸಿಯಲ್ಲಿ ಸರಿಯಾದ ಉತ್ತರವನ್ನೇ ಕೊಟ್ಟು, 13ರ ಫ್ಯಾಕ್ಟೋರಿಯಲ್‌ನಲ್ಲಿ ಎಡವುತ್ತದೆ. ಮನೆಯಲ್ಲಿ ಸರಿ ಬಂದದ್ದು ಲ್ಯಾಬಿನಲ್ಲಿ ತಪ್ಪಾದಾಗ ಹೊಸ ವಿದ್ಯಾರ್ಥಿ ಅನುಮಾನಿಸುವುದು ತನ್ನ ಬುದ್ಧಿಯನ್ನು, ಕಂಪೈಲರನ್ನಲ್ಲ. ಲ್ಯಾಬಿನ ಮೇಲ್ವಿಚಾರಕರು ಒಪ್ಪಿದರೆ ಎಲ್ಲ ಯಂತ್ರಗಳಿಗೂ ಜಿಸಿಸಿ ಹಾಕಿಸಿ, ಎಚ್ಚರಿಕೆಗಳನ್ನೆಲ್ಲ ತೋರಿಸುವ ಆಯ್ಕೆಯೊಂದಿಗೇ ಕಂಪೈಲ್ ಮಾಡಬೇಕೆಂದು ನಿಯಮ ಮಾಡಿ. ಹೋಲಿಕೆಗೆ ಎರಡು ಸಮ ಚಿಹ್ನೆ ಹಾಕುವಲ್ಲಿ ಒಂದನ್ನೇ ಹಾಕಿದರೆ ಆಗ ಕಂಪೈಲರೇ ಎಚ್ಚರಿಸುತ್ತದೆ. ಕಡತದ ಹೆಸರು ನೋಂದಣಿ ಸಂಖ್ಯೆ ಮತ್ತು ಪ್ರೋಗ್ರಾಮ್ ಸಂಖ್ಯೆಯಿಂದ ಆಗಿರಬೇಕು, ಪೆನ್‌ಡ್ರೈವ್ ಹಾಕುವ ಮುನ್ನ ಕೇಳಬೇಕು, ಕರೆಂಟು ಹೋಗುವ ಊರಾದ್ದರಿಂದ ಕಂಪೈಲ್ ಮಾಡುವ ಮೊದಲು ಪ್ರತಿ ಸಲವೂ ಸೇವ್ ಮಾಡಬೇಕು. ಇವಕ್ಕೆ ಒಂದೊಂದು ಸಾಲು ಸಾಕು.

ಸಹಾಯ ಕೇಳುವುದಕ್ಕೂ ಒಂದು ಕ್ರಮವನ್ನು ಗೊತ್ತುಮಾಡಿ. "ಸರ್, ಬರ್ತಿಲ್ಲ" ಎಂದು ಕೈಯೆತ್ತುವ ವಿದ್ಯಾರ್ಥಿಗೆ ನಿಜಕ್ಕೂ ಬೇರೇನು ಹೇಳಬೇಕೆಂದು ತಿಳಿದಿರುವುದಿಲ್ಲ. ಮೊದಲು ಕಂಪೈಲರ್ ತೋರಿಸಿದ ದೋಷಗಳಲ್ಲಿ ಮೊದಲನೆಯದನ್ನು ಮಾತ್ರ ಓದಬೇಕು. ಅದು ಹೇಳುವ ಸಾಲನ್ನೂ ಅದರ ಮೇಲಿನ ಸಾಲನ್ನೂ ನೋಡಬೇಕು. ತಿಳಿಯದಿದ್ದರೆ ಪಕ್ಕದವರನ್ನು ಕೇಳಬೇಕು. ಆಮೇಲೆ ಕೈಯೆತ್ತಿ ಏನು ಬರಬೇಕಿತ್ತು, ಏನು ಬಂತು, ಈವರೆಗೆ ಏನನ್ನು ಬದಲಿಸಿ ನೋಡಿದೆ ಎಂಬ ಮೂರನ್ನು ಹೇಳಬೇಕು, ಕನ್ನಡದಲ್ಲೇ ಹೇಳಬಹುದು. ಇದಕ್ಕೆ ಪ್ರತಿಯಾಗಿ ನಿಮಗೂ ಒಂದು ನಿಯಮವಿರಲಿ: ವಿದ್ಯಾರ್ಥಿಯ ಕೀಲಿಮಣೆಯನ್ನು ಉಪನ್ಯಾಸಕರು ಮುಟ್ಟಬಾರದು. ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ನಲ್ಲಿ, ಮೌಲ್ಯ ಇಡುವ ಜಾಗವನ್ನು ತೋರಿಸುವ ಆ್ಯಂಪರ್ಸೆಂಡ್ (&) ಚಿಹ್ನೆ ಬಿಟ್ಟುಹೋಗಿ ಪ್ರೋಗ್ರಾಮ್ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದ ದೋಷ) ಎಂದು ನಿಂತಿದ್ದರೆ, ಅದನ್ನು ನೀವೇ ಹಾಕಿಕೊಟ್ಟು ಮುಂದಿನ ಸಾಲಿಗೆ ಹೋಗುವುದು ಐದು ಸೆಕೆಂಡಿನ ಕೆಲಸ. "ಈ ಮೌಲ್ಯವನ್ನು ಕಂಪ್ಯೂಟರ್ ಎಲ್ಲಿ ಇಡಬೇಕೆಂದು ನೀವು ಹೇಳಿದ್ದೀರಾ?" ಎಂದು ಕೇಳಿ ಕಾಯಲು ಎರಡು ನಿಮಿಷ ಬೇಕು. ಆ ಎರಡು ನಿಮಿಷವನ್ನು ಕೊಡಲೇಬೇಕು.

ಇನ್ನು ನಕಲಿನ ವಿಷಯ. ಪತ್ರದ ಅರ್ಧ ಭಾಗವನ್ನು ಇದಕ್ಕೇ ಮೀಸಲಿಡಿ, ಏಕೆಂದರೆ "ನಕಲು ಮಾಡಬಾರದು" ಎಂಬ ಒಂದು ಸಾಲಿನಿಂದ ಏನೂ ತಿಳಿಯುವುದಿಲ್ಲ. ಅವಿಭಾಜ್ಯ ಸಂಖ್ಯೆಯೇ ಎಂದು ಪರೀಕ್ಷಿಸುವ ಹದಿನೈದು ಸಾಲಿನ ಪ್ರೋಗ್ರಾಮನ್ನು ಅರವತ್ತು ಜನ ಪ್ರಾಮಾಣಿಕವಾಗಿ ಬರೆದರೂ ಅವು ಒಂದರಂತೆ ಒಂದಿರುತ್ತವೆ. ಕಂಪ್ಯೂಟರ್ ವಿಜ್ಞಾನಿ ಅಲೆಕ್ಸ್ ಐಕನ್ 1994ರಲ್ಲಿ ರೂಪಿಸಿದ ಮಾಸ್ ಎಂಬ ತಂತ್ರಾಂಶ ಪ್ರೋಗ್ರಾಮುಗಳ ನಡುವಿನ ಸಾಮ್ಯವನ್ನು ಪತ್ತೆಹಚ್ಚುತ್ತದೆ ನಿಜ. ಆದರೆ ಇಷ್ಟು ಚಿಕ್ಕ ಪ್ರೋಗ್ರಾಮುಗಳಲ್ಲಿ ಸಾಮ್ಯ ಕಂಡುಬಂದರೆ ಅದರಿಂದ ಯಾವ ತೀರ್ಮಾನಕ್ಕೂ ಬರಲಾಗದು. ಹೀಗಾಗಿ ಯಾರದು ಯಾರಂತಿದೆ ಎಂದು ಹೋಲಿಸುವುದನ್ನು ಬಿಟ್ಟು, ಒಪ್ಪಿಸಿದ್ದನ್ನು ವಿವರಿಸಬಲ್ಲರೇ ಎಂಬುದನ್ನು ಮಾತ್ರ ನೋಡುವುದು ಒಳ್ಳೆಯದು. ನಿಯಮ ಹೀಗಿರಬಹುದು: "ಪ್ರೋಗ್ರಾಮ್ ಓಡಿದ ಮೇಲೆ ಉಪನ್ಯಾಸಕರು ಒಂದು ಸಣ್ಣ ಬದಲಾವಣೆಯನ್ನು ಹೇಳುತ್ತಾರೆ. ಅದನ್ನು ಅವರೆದುರಿಗೆ ಮಾಡಿ ತೋರಿಸಿದ ನಂತರವೇ ಸಹಿ." ಮೂರರಲ್ಲಿ ದೊಡ್ಡದನ್ನು ಹುಡುಕುವ ಪ್ರೋಗ್ರಾಮನ್ನು ಚಿಕ್ಕದನ್ನು ಹುಡುಕುವಂತೆ ಮಾಡಿಸಿ, ಒಂದು ಸಂಖ್ಯೆಯ ಪರೀಕ್ಷೆಯನ್ನು ನೂರರವರೆಗಿನ ಅವಿಭಾಜ್ಯಗಳ ಪಟ್ಟಿಗೆ ವಿಸ್ತರಿಸಲು ಹೇಳಿ. ಉರು ಹೊಡೆದವರು ಅಲ್ಲೇ ತಡವರಿಸುತ್ತಾರೆ, ಸ್ನೇಹಿತರಿಂದ ಕೇಳಿ ಕಲಿತವರು ಮಾಡಿಬಿಡುತ್ತಾರೆ. ಎರಡನೆಯವರನ್ನು ತಪ್ಪಿತಸ್ಥರೆಂದು ಕರೆಯಲು ಕಾರಣವೇ ಇಲ್ಲ.

ಚರ್ಚೆ ಎಲ್ಲಿಗೆ ಮುಗಿಯಬೇಕು ಎಂಬುದನ್ನೂ ಬಿಡಿಸಿ ಹೇಳಬೇಕು. ಮಾತನಾಡಬಹುದು, ಬೋರ್ಡಿನ ಮೇಲೆ ಬಿಡಿಸಿ ತೋರಿಸಬಹುದು. ಆದರೆ ಚರ್ಚೆ ಮುಗಿದಾಗ ಯಾರ ಕೈಯಲ್ಲೂ ಇನ್ನೊಬ್ಬರ ಕಡತವಾಗಲಿ, ಪರದೆಯ ಫೋಟೊವಾಗಲಿ, ವಾಟ್ಸ್ಯಾಪ್ ಸಂದೇಶವಾಗಲಿ ಉಳಿದಿರಬಾರದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಸಾಲಿಗೆ ಇನ್ನೊಂದನ್ನು ಸೇರಿಸಬೇಕಾಗಿದೆ. ಮನೆಯಲ್ಲಿ ಬಳಸಲೇಬಾರದು ಎಂದು ಬರೆಯಬಹುದು, ಜಾರಿಗೆ ತರಲು ಆಗುವುದಿಲ್ಲ. ಜಾರಿಗೆ ತರಲಾಗದ ಒಂದು ನಿಯಮ ಉಳಿದವುಗಳ ಬೆಲೆಯನ್ನೂ ಇಳಿಸುತ್ತದೆ. ದೋಷ ಸಂದೇಶದ ಅರ್ಥವನ್ನು ಅದರಿಂದ ಕೇಳಬಹುದು, ಪಟ್ಟಿಯಲ್ಲಿರುವ ಲ್ಯಾಬ್ ಪ್ರೋಗ್ರಾಮನ್ನು ಬರೆಸಿಕೊಳ್ಳಬಾರದು, ಏನು ಕೇಳಿದೆ ಎಂಬುದನ್ನು ಅಬ್ಸರ್ವೇಶನ್ ಪುಸ್ತಕದ ಅಂಚಿನಲ್ಲಿ ಬರೆಯಬೇಕು ಎಂದಿಡಿ.

ಪ್ರೋಗ್ರಾಮನ್ನೂ ಅದರ ಔಟ್‌ಪುಟ್ ಅನ್ನೂ ಬರೆದು ಒಪ್ಪಿಸುವ ರೆಕಾರ್ಡ್ ಪುಸ್ತಕದ್ದು ಹಳೆಯ ರೋಗ. ಎಂದೂ ಓಡದ ಪ್ರೋಗ್ರಾಮಿಗೆ ಹಿಂದಿನ ವರ್ಷದವರ ಔಟ್‌ಪುಟ್ ಅಂದವಾದ ಅಕ್ಷರದಲ್ಲಿ ಅಲ್ಲಿ ಕುಳಿತಿರುತ್ತದೆ. ಪ್ರತಿಯೊಬ್ಬರೂ ತಮ್ಮ ನೋಂದಣಿ ಸಂಖ್ಯೆಯ ಕೊನೆಯ ಮೂರು ಅಂಕೆಗಳನ್ನೇ ಇನ್‌ಪುಟ್ ಆಗಿ ಕೊಡಬೇಕೆಂದು ನಿಯಮಿಸಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ. 047 ಎಂಬ ವಿದ್ಯಾರ್ಥಿಯ ಅಂಕೆಗಳ ಮೊತ್ತ 11 ಬರಬೇಕು. 9 ಎಂದು ಬರೆದಿದ್ದರೆ ವಿಚಾರಣೆಯ ಅಗತ್ಯವೇ ಬೀಳುವುದಿಲ್ಲ.

ತಪ್ಪಿಗೆ ಏನಾಗುತ್ತದೆ ಎಂಬುದನ್ನು ಮೊದಲೇ ಬರೆದಿಡಿ: ಮೊದಲ ಸಲವಾದರೆ ಆ ಪ್ರೋಗ್ರಾಮಿಗೆ ಶೂನ್ಯ ಅಂಕ ಮತ್ತು ಬೇರೊಂದು ಪ್ರಶ್ನೆ, ಎರಡನೆಯ ಸಲ ವಿಭಾಗದ ಮುಖ್ಯಸ್ಥರ ಮುಂದೆ. ತಂದೆ ತಾಯಿಯರನ್ನು ಕರೆಸುವ ಬೆದರಿಕೆ ಬೇಡ. ಒಂದು ದಿನದ ಕೂಲಿ ಬಿಟ್ಟು ಬರುವವರಿಗೆ ಅದು ಮಗನ ಶಿಕ್ಷೆಯಲ್ಲ, ಅವರದೇ ಶಿಕ್ಷೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಎಂಬ ಪ್ರಾರಂಭಿಕ ಕೋರ್ಸಿನಲ್ಲಿ 2014ರಿಂದ ಒಂದು ಅವಕಾಶವಿದೆ: ತಪ್ಪು ಮಾಡಿದವರು 72 ಗಂಟೆಯೊಳಗೆ ತಾವೇ ಬಂದು ಹೇಳಿಕೊಂಡರೆ ಆ ಕೆಲಸದ ಅಂಕ ಹೋಗಬಹುದೇ ಹೊರತು ಮುಂದಿನ ಶಿಸ್ತುಕ್ರಮಕ್ಕೆ ಕೋರ್ಸಿನವರು ಕಳಿಸುವುದಿಲ್ಲ. ನಮ್ಮಲ್ಲಿ ಅದನ್ನು "ಮುಂದಿನ ಲ್ಯಾಬಿನ ಒಳಗೆ" ಎಂದು ಮಾಡಿಕೊಳ್ಳಬಹುದು. ಬಂದು ಹೇಳಿದವರ ಹೆಸರು ತರಗತಿಯಲ್ಲಿ ಎತ್ತಬಾರದು.

ಪತ್ರದ ಕೊನೆಗೆ ನಿಮ್ಮ ಬಾಧ್ಯತೆಗಳನ್ನೂ ಬರೆಯಿರಿ. ಇಂಟರ್ನಲ್ಸ್ ಉತ್ತರಪತ್ರಿಕೆಯನ್ನು ಎಷ್ಟು ದಿನದೊಳಗೆ ತಿದ್ದಿಕೊಡುತ್ತೀರಿ, ಯಾವ ಅವಧಿಯಲ್ಲಿ ಸ್ಟಾಫ್ ರೂಮಿನಲ್ಲಿ ಸಿಗುತ್ತೀರಿ, ಪ್ರಾಯೋಗಿಕ ಅಂಕಗಳು ಬರವಣಿಗೆ, ಓಡಿಸುವಿಕೆ, ವೈವಾ ಇವುಗಳ ನಡುವೆ ಹೇಗೆ ಹಂಚಿಹೋಗುತ್ತವೆ ಎಂಬುದು ಅವರಿಗೆ ಮೊದಲ ವಾರವೇ ತಿಳಿದಿರಬೇಕು. ಮೊದಲ ತರಗತಿಯಲ್ಲಿ ಪತ್ರವನ್ನು ಓದಿ ಹೇಳಿ, ಎರಡನೆಯ ತರಗತಿಯಲ್ಲಿ ಸಹಿ ಪಡೆಯಿರಿ. ನಡುವೆ ಪ್ರಶ್ನೆ ಕೇಳಲು ಒಂದು ದಿನ ಸಿಗುತ್ತದೆ. ಮೊದಲ ಆಂತರಿಕ ಪರೀಕ್ಷೆಯ ನಂತರ ಅದನ್ನು ಮತ್ತೆ ತೆಗೆದು, ನೀವೇ ಜಾರಿಗೆ ತರದೆ ಬಿಟ್ಟ ನಿಯಮವಿದ್ದರೆ ವಿದ್ಯಾರ್ಥಿಗಳ ಎದುರಿನಲ್ಲೇ ಹೊಡೆದುಹಾಕಿ. ಎರಡನೆಯ ಬ್ಯಾಚಿನ ಲ್ಯಾಬನ್ನು ಅತಿಥಿ ಉಪನ್ಯಾಸಕರು ನೋಡಿಕೊಳ್ಳುತ್ತಿದ್ದರೆ ಪತ್ರವನ್ನು ಅಚ್ಚುಹಾಕಿಸುವ ಮೊದಲು ಅವರೊಂದಿಗೆ ಕುಳಿತು ಒಪ್ಪಿಸಿಕೊಳ್ಳಿ. ಒಂದು ಬ್ಯಾಚಿನಲ್ಲಿ ಬದಲಾವಣೆ ಮಾಡಿ ತೋರಿಸಿದ ಮೇಲೆ ಸಹಿ, ಇನ್ನೊಂದರಲ್ಲಿ ರೆಕಾರ್ಡ್ ತಂದಿಟ್ಟರೆ ಸಹಿ ಎಂದಾದರೆ, ಎರಡನೆಯ ವಾರದೊಳಗೆ ಬ್ಯಾಚ್ ಬದಲಿಸಿಕೊಡಿ ಎಂಬ ಅರ್ಜಿಗಳು ವಿಭಾಗದ ಮುಖ್ಯಸ್ಥರ ಮೇಜಿಗೆ ಬಂದಿರುತ್ತವೆ.